ಲಿಲಾ ಪದಕ್ಕೆ ಕಟ್ಟಿದ ಕುಚ್ಚು

ನಾನು ಒಂದು ಬಣ್ಣದ ಹೆಸರು. ಹುಟ್ಟಿದ್ದು ಸಂಸ್ಕೃತದಲ್ಲಿ, ನೀಲ ಎಂದು. ಹರಿಯ ಮೈಬಣ್ಣ ಹೇಳಬೇಕಾದಾಗ ಹಾಡುವವರು ನನ್ನನ್ನು ಕರೆಯುತ್ತಿದ್ದರು. ಕೇಳುವವರು ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಪರ್ಷಿಯಾದವರ ಬಾಯಿಗೆ ಬಿದ್ದೆ, ಮೊದಲಕ್ಷರ ಸವೆದು ಲಕಾರವಾಯಿತು. ಅರಬರು ನನ್ನನ್ನು ಒಂದು ಹೂಗಿಡಕ್ಕೆ ಇಟ್ಟರು, ಫ್ರೆಂಚರು ಆ ಹೂವಿನ ಬಣ್ಣಕ್ಕೆ. ಜರ್ಮನಿ ಮುಟ್ಟುವ ಹೊತ್ತಿಗೆ ನಾನು ಲಿಲಾ. ನೀಲಿ ಹೋಗಿ ನೇರಳೆಯಾಗಿದ್ದೆ.

ಕನ್ನಡದಲ್ಲಾದರೆ ಹೂವಿಗೂ ಕೆಂಪು, ಸೀರೆಗೂ ಕೆಂಪೇ. ಜರ್ಮನ್ ಮನೆಯಲ್ಲಿ ಹಾಗಲ್ಲ. ಗುಣ ಹೇಳುವ ಪದ ಮುಂದಿನ ನಾಮಪದದ ಲಿಂಗ ನೋಡಿ, ಸೆರಗಿಗೆ ಕುಚ್ಚು ಕಟ್ಟಿದ ಹಾಗೆ, ಕೊನೆಯಲ್ಲೊಂದು ಪ್ರತ್ಯಯ ಕಟ್ಟಿಕೊಂಡೇ ಹೊರಡಬೇಕು. ನನಗೆ ಮಾತ್ರ ಕೊಡಲಿಲ್ಲ. ಹೊರಗಿನದು, ಬಂದ ಹಾಗೇ ಇರಲಿ ಎಂದರು. ಸ್ವೀಡನ್ನಿನಲ್ಲೂ ಅದೇ ಪಾಡು: ಮನೆ ಕೆಂಪಾದರೆ ಕೆಂಪು ಎನ್ನುವ ಪದದ ಕೊನೆಗೆ ಒಂದು 'ತ್' ಸಿಗುತ್ತದೆ, ಲಿಲಾ ಆದರೆ ನನಗೆ ಇಲ್ಲ. ನನಗೆ ಬೇಕಾಗಿದ್ದದ್ದು ಇಷ್ಟೇ, ಮನೆಯ ಪದ ಅನ್ನಿಸಿಕೊಳ್ಳುವುದು.

ಅದನ್ನು ಕೊಟ್ಟವಳು ಹೆಡ್ವಿಗ್, ಜರ್ಮನಿಯ ಒಬ್ಬ ದರ್ಜಿ ಅಜ್ಜಿಯ ಮೊಮ್ಮಗಳು. ನನ್ನ ಬಣ್ಣದ ಹೊಸ ಫ್ರಾಕು ತೊಟ್ಟು ಕುಣಿಯುತ್ತ, ಕೊನೆಗೊಂದು 'ನೆಸ್' ಕಟ್ಟಿ ನನ್ನನ್ನು "ಲಿಲಾನೆಸ್" ಎಂದಳು.

"ಅದಕ್ಯಾಕೇ ಕುಚ್ಚು?" ಅಜ್ಜಿ ನಕ್ಕಳು.

"ಎಲ್ಲಾದಕ್ಕೂ ಇದೆಯಲ್ಲ ಅಜ್ಜಿ. ಪಾಪ, ಇದೊಂದಕ್ಕೆ ಇಲ್ಲ."

"ಕಟ್ಟು ಕಟ್ಟು. ನನ್ನ ದಾರವೇನೂ ಖರ್ಚಾಗಲ್ಲ!"

ಬೀದಿಯಲ್ಲಿ ಬೇರೆಯವರೂ ಹಾಗೆ ಅನ್ನುತ್ತಿದ್ದರು, ನಾಲಿಗೆಯ ಅಭ್ಯಾಸಕ್ಕೆ. ಇವಳು ಕನಿಕರಪಟ್ಟು ಕಟ್ಟಿದಳು. ಅದನ್ನು ನಂಬಿದೆ.

ಹೆಡ್ವಿಗ್ ಬೆಳೆದು ಶಾಲೆಯ ಟೀಚರಾದಳು. ಉರ್ಸುಲ ಎಂಬ ಹುಡುಗಿ ಪ್ರಬಂಧದಲ್ಲಿ ತನ್ನ ಅಮ್ಮನ ಉಡುಪಿನ ಬಗ್ಗೆ ಬರೆಯುತ್ತ ನನಗೆ ಅದೇ ಕುಚ್ಚು ಕಟ್ಟಿದ್ದಳು. ಕಾಗದದ ಮೇಲೆ ನಾನು ಅದನ್ನು ತೊಟ್ಟದ್ದು ಅದೇ ಮೊದಲು. ಹೆಡ್ವಿಗ್ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದಳು.

"ಟೀಚರ್, ನಿನ್ನೆ ಬಟ್ಟೆ ಅಂಗಡೀಲಿ ನೀವೇ ಹಾಗಂದ್ರಿ. ನಾನು ಪಕ್ಕದಲ್ಲೇ ಇದ್ದೆ!"

ತರಗತಿ ಗೊಳ್ಳೆಂದಿತು. ಈಗ ನನ್ನ ಪರವಾಗಿ ಒಂದು ಮಾತು ಬರುತ್ತದೆ ಎಂದು ಕಾದೆ.

"ಅಂಗಡೀಲಿ ಏನು ಬೇಕಾದ್ರೂ ಅಂತೀವಮ್ಮ," ಎಂದಳು ಹೆಡ್ವಿಗ್. "ಬರೆಯೋವಾಗ ಮರ್ಯಾದೆಯಾಗಿ ಬರೀಬೇಕು."

ಸ್ವೀಡನ್ನಿನವರು ಕೊಡಲಿಲ್ಲ, ಅದು ನೋಯಲಿಲ್ಲ. ಇವಳು ಕೊಟ್ಟು, ನಾಲ್ಕು ಜನರೆದುರು ಕಿತ್ತುಕೊಂಡಳು.

ಈಗ ಹೆಡ್ವಿಗ್ ಮುದುಕಿ. ಚಳಿಯಾದಾಗ ಮಗಳನ್ನು ಕೂಗಿ ನನ್ನ ಬಣ್ಣದ ಶಾಲು ಕೇಳುತ್ತಾಳೆ, ನನಗೆ ಕುಚ್ಚು ಕಟ್ಟಿಯೇ ಕೇಳುತ್ತಾಳೆ. ದನಿಯಲ್ಲಿ ಈಗಲೂ ಅದೇ ಅಕ್ಕರೆ. ಕರೆದರೆ ಹೋಗುತ್ತೇನೆ, ಬರುವುದಿಲ್ಲ ಎನ್ನಲು ಪದಕ್ಕೆ ಬಾಯಿಲ್ಲ. ಅವಳ ತುಟಿಯಿಂದ ಇಳಿದ ಕೂಡಲೇ, ಬೇರೆ ಯಾರೂ ಕೈಹಾಕುವ ಮೊದಲು, ಆ ಕುಚ್ಚನ್ನು ನಾನೇ ಬಿಚ್ಚಿಡುತ್ತೇನೆ.