ಕೊನೆಯ ಸಾಲಿನ ಅಳತೆ

ಟೈಲರಮ್ಮ ಗಿರಾಕಿಗಳಿಗೆ ಸುಳ್ಳು ಹೇಳುವವಳಲ್ಲ. ಬಣ್ಣ ಒಪ್ಪದಿದ್ದರೆ ಮುಖಕ್ಕೇ ಹೇಳಿ ಬಟ್ಟೆ ವಾಪಸ್ಸು ಕಳಿಸಿದವಳು. ಅಂಥವಳು ಹೋದ ತಿಂಗಳು ಹೆತ್ತ ಮಗಳಿಗೇ ಒಂದು ಸುಳ್ಳು ಹೇಳಿ, ಅಂದಿನಿಂದ ಒಳಗೊಳಗೇ ಚಡಪಡಿಸುತ್ತಿದ್ದಳು.

ಮಗಳು ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಾಳೆ. ಬ್ಯಾಂಡು ಟೈಲರಮ್ಮನ ತಮ್ಮನದು. ಡ್ರಮ್ಮೂ ಅವನದೇ, ಯಜಮಾನಿಕೆಯೂ ಅವನದೇ. ಹೋದ ಕಾರ್ಯಕ್ರಮದಲ್ಲಿ ಕೊನೆಯ ಸಾಲಿನಲ್ಲಿ ಕೂತಿದ್ದ ಟೈಲರಮ್ಮನಿಗೆ ಡ್ರಮ್ಮು ಕೇಳಿಸಿತು, ಕೀಬೋರ್ಡು ಕೇಳಿಸಿತು, ಪಕ್ಕದವರ ಆಕಳಿಕೆ ಕೂಡ ಕೇಳಿಸಿತು. ಗಿಟಾರ್ ಮಾತ್ರ ಊಹೂಂ. ಮಗಳ ಬೆರಳು ತಂತಿಯ ಮೇಲೆ ಓಡುವುದು ಕಂಡಿತು, ಅಷ್ಟೆ. ಆದರೂ ಮುಗಿದ ಮೇಲೆ ಅವಳು ಓಡಿಬಂದು "ಹೇಗಿತ್ತಮ್ಮಾ?" ಅಂದಾಗ, "ತುಂಬಾ ಚೆನ್ನಾಗಿತ್ತು ಕಣೇ" ಅಂದುಬಿಟ್ಟಳು.

ತಮ್ಮ ಬಿಡುವ ಆಸಾಮಿಯೇ? ಮುಂದಿನ ಕಾರ್ಯಕ್ರಮಕ್ಕೆ ಮೂರು ದಿನ ಇರುವಾಗ ಅಂಗಡಿಗೆ ಬಂದು ಮೇಜಿಗೆ ಒರಗಿದ. ಮಗಳೂ ಅಲ್ಲೇ ಇದ್ದಳು.

"ಪುಟ್ಟೀ, ಈ ಸಲಾನೂ ನಿನ್ನ ಗಿಟಾರ್ ಕೇಳಿಸ್ಲಿಲ್ಲ ಅಂದ್ರೆ ನೀನೊಬ್ಳೇ ನುಡಿಸೋ ಆ ಸೋಲೋ ಕೀಬೋರ್ಡಿನವನಿಗೆ. ಆಮೇಲೆ ಮಾವ ಹಾಗೆ ಮಾಡ್ದ, ಹೀಗೆ ಮಾಡ್ದ ಅನ್ಬೇಡ."

"ಕೇಳಿಸ್ಲಿಲ್ವಾ? ನಿಮ್ಮ ಡ್ರಮ್ಮಿಗೆ ನಿಮ್ಮ ಕಿವಿನೇ ಹೋಗಿದೆ ಮಾವ. ಅಮ್ಮಂಗೆ ಕೇಳಿಸ್ತಲ್ಲ!"

ತಮ್ಮ ಅಕ್ಕನ ಮುಖ ನೋಡಿದ. ಅಕ್ಕ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದಳು. ಸೂಜಿಯಲ್ಲಿ ಆಗಲೇ ದಾರವಿತ್ತು.

ಅವನು ಹೋದ ಮೇಲೆ ಮಗಳು ತನ್ನ ಮಾಡೆಲರ್ ತಂದು ಮೇಜಿನ ಮೇಲಿಟ್ಟಳು. ಹತ್ತಾರು ಆಂಪ್ಲಿಫೈಯರುಗಳ ದನಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಪೆಟ್ಟಿಗೆ ಅದು. ಕಾಲಲ್ಲಿ ಒತ್ತಿದರೆ ಒಂದೊಂದು ದನಿ. ವಾರಗಟ್ಟಲೆ ಕೂತು ಹದಮಾಡಿದ್ದಾಳೆ. ಹೆಡ್‌ಫೋನನ್ನು ಅಮ್ಮನ ಕಿವಿಗೆ ಹಾಕಿ ನುಡಿಸಿದಳು. ಕೆಳಗೆ ತುಂಬಿದ ಗುಡುಗು, ಮೇಲೆ ಜರಿಯಂಥ ಮಿನುಗು, ಸುತ್ತ ಗುಹೆಯಂಥ ಪ್ರತಿಧ್ವನಿ. ಟೈಲರಮ್ಮನ ಕೈಮೇಲಿನ ರೋಮ ಎದ್ದು ನಿಂತಿತು.

"ಇದು ಕೇಳಿಸಲ್ಲ ಅಂತಾರಲ್ಲ ಅಮ್ಮಾ!"

ಇನ್ನು ತಡೆಯಲಾಗಲಿಲ್ಲ. "ಅವತ್ತು ನಂಗೂ ಕೇಳಿಸ್ಲಿಲ್ಲ ಮಗಳೇ. ಒಂದೇ ಒಂದು ಸ್ವರಾನೂ."

ಮಗಳು ಗಿಟಾರ್ ಕೆಳಗಿಟ್ಟಳು. "ಮತ್ತೆ ಚೆನ್ನಾಗಿತ್ತು ಅಂದೆ?"

"ನಿನ್ನ ಮುಖ ಚೆನ್ನಾಗಿತ್ತು."

ಮಗಳಿಗೆ ಅಳು ಬಂತೋ ನಗು ಬಂತೋ, ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆಯಾಯಿತು. ಟೈಲರಮ್ಮ ನೀರು ಕೊಟ್ಟು, ಬೆನ್ನು ಸವರಿ, ಹೆಡ್‌ಫೋನನ್ನು ಕೈಯಲ್ಲಿ ತಿರುಗಿಸಿ ನೋಡಿದಳು.

"ಅಂಗೀನ ಹ್ಯಾಂಗರಿಗೆ ಹಾಕಿ ನೋಡ್ತಿದೀಯಲ್ಲೇ ನೀನು. ಅಲ್ಲಿ ಎಲ್ಲಾ ಅಂಗೀನೂ ಚೆಂದ. ಮೈಗೆ ಹಾಕಿ ಟ್ರಯಲ್ ನೋಡ್ಬೇಡ್ವಾ?"

ಅಂಗಡಿಯ ಸ್ಪೀಕರಿಗೆ ತಂತಿ ಸಿಕ್ಕಿಸಿದರು. ಟೈಲರಮ್ಮ ಒಂದು ಮಷೀನು ತುಳಿದಳು, ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕುವ ಕೆಲಸದ ಅಕ್ಕ ಇನ್ನೊಂದನ್ನು ತುಳಿದಳು, ರೇಡಿಯೋ ಜೋರಾಯಿತು. ಅಂಗಡಿಯೇ ಒಂದು ಬ್ಯಾಂಡಾಯಿತು.

"ನುಡ್ಸೇ!" ಟೈಲರಮ್ಮ ಕೂಗಿದಳು.

"ನುಡಿಸ್ತಾನೇ ಇದೀನಿ!"

ಆಗ ಮಗಳಿಗೆ ಹೊಳೆಯಿತು. ಕೆಳಗಿನ ಗುಡುಗು ಬ್ಯಾಂಡಿನ ಬೇಸ್ ಗಿಟಾರಿನವನ ಜಾಗ, ಮೇಲಿನ ಮಿನುಗು ಮಾವನ ಡ್ರಮ್ಮಿನ ಕಂಚಿನ ತಾಟುಗಳ ಜಾಗ. ಅವಳ ಗಿಟಾರ್ ಎರಡರ ಅಡಿ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಕೆಳಗಿನದನ್ನು ಕತ್ತರಿಸಿದಳು, ಮೇಲಿನದನ್ನು ಇಳಿಸಿದಳು, ಪ್ರತಿಧ್ವನಿಯನ್ನು ಮುಕ್ಕಾಲು ಪಾಲು ತೆಗೆದಳು, ನಡುವಿನ ದನಿ ಏರಿಸಿದಳು. ಮಷೀನುಗಳ ಸದ್ದಿನ ನಡುವಿಂದ ಗಿಟಾರ್ ತಲೆ ಎತ್ತಿ ಹಾಡಿತು.

ಮಷೀನು ನಿಲ್ಲಿಸಿ ಬರೀ ಅದನ್ನೇ ಕೇಳಿದಾಗ ಕಾಜಾ ಅಕ್ಕ ಮುಖ ಕಿವುಚಿದಳು. "ಅಯ್ಯೋ, ನೆಗಡಿ ಆದವರು ಹಾಡಿದ ಹಾಗಿದೆ!"

"ಇರ್ಲಿ ಬಿಡು. ಅಂಗಿ ತಿರುಗ್ಸಿ ಒಳಗಿನ ಹೊಲಿಗೆ ಯಾರು ನೋಡ್ತಾರೆ?" ಅಂದಳು ಟೈಲರಮ್ಮ.

ಕಾರ್ಯಕ್ರಮದ ದಿನ, ಜನ ಬರುವ ಮುಂಚೆ ಬ್ಯಾಂಡಿನವರು ಸದ್ದು ಪರೀಕ್ಷಿಸುವಾಗ ಟೈಲರಮ್ಮ ಕೊನೆಯ ಸಾಲಿಗೆ ಹೋಗಿ ನಿಂತಳು, ಕೈಯಲ್ಲಿ ಅಳತೆ ಟೇಪು. ಗಿಟಾರ್ ಸಾಲದಿದ್ದರೆ ಟೇಪು ಉದ್ದ, ಹೆಚ್ಚಾದರೆ ಗಿಡ್ಡ, ಸರಿಯಾದರೆ ಸುತ್ತಿ ಜೇಬಿಗೆ. ಅದು ಅಮ್ಮ ಮಗಳ ಒಪ್ಪಂದ.

"ಅಕ್ಕಾ, ಇಡೀ ಸಭಾಂಗಣಕ್ಕೇ ಅಂಗಿ ಹೊಲಿತೀಯೇನೇ?" ತಮ್ಮ ಡ್ರಮ್ಮಿನ ಹಿಂದಿನಿಂದ ಕೂಗಿದ.

"ನಿನ್ನ ಬಾಯಿಗೆ ಗುಂಡಿ ಹಾಕ್ತೀನಿ, ಬಾರಿಸೋ ಸುಮ್ನೆ!"

ಟೇಪು ಒಮ್ಮೆ ಉದ್ದವಾಯಿತು, ಮತ್ತೊಮ್ಮೆ ಉದ್ದವಾಯಿತು, ಚೂರು ಗಿಡ್ಡವಾಯಿತು, ಕೊನೆಗೆ ಜೇಬು ಸೇರಿತು.

ಸಂಜೆ ಸಭಾಂಗಣ ತುಂಬಿತು. ಸೋಲೋ ಬಂದಾಗ ಟೈಲರಮ್ಮ ಕೊನೆಯ ಸಾಲಿನಿಂದ ಕಿವಿಗೊಟ್ಟಳು. ಡ್ರಮ್ಮು ಇತ್ತು, ಕೀಬೋರ್ಡು ಇತ್ತು, ಅವುಗಳ ನಡುವೆ ಅಳತೆಗೆ ಸರಿಯಾಗಿ ಮಗಳ ಗಿಟಾರ್ ಇತ್ತು. ಮುಂದಿನ ಸಾಲಿನವರು ಮಾತು ನಿಲ್ಲಿಸಿ ವೇದಿಕೆಯತ್ತ ನೋಡಿದರು.

ಮುಗಿದ ಮೇಲೆ ಮಗಳು ಓಡಿಬಂದಳು. ಆದರೆ ಈ ಸಲ ಹತ್ತಿರ ಬಂದು ಅನುಮಾನದಿಂದ ನಿಂತಳು. "ಕೇಳಿಸ್ತಾ? ನಿಜ ಹೇಳಮ್ಮ."

"ಸೋಲೋ ಕೊನೇಲಿ ಬೆರಳು ಜಾರಿ ಒಂದು ಸ್ವರ ತಪ್ತು," ಅಂದಳು ಟೈಲರಮ್ಮ.

ಮಗಳ ಮುಖ ಅರಳಿತು. "ಮಾವಾ! ಅಮ್ಮಂಗೆ ನನ್ನ ತಪ್ಪು ಕೇಳಿಸಿದೆ!" ಎಂದು ಕೂಗುತ್ತ ವೇದಿಕೆಯ ಕಡೆ ಓಡಿದಳು.