ಹಳೆಯ ಉಂಗುರಕ್ಕೆ ಹೊಸದು

ಅಕ್ಕ ಸತ್ತ ಏಳು ತಿಂಗಳ ಮೇಲೆ ಭಾವ ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ಮೀನಿನ ತೊಟ್ಟಿಗಳ ಅಂಗಡಿ ಇಟ್ಟು ಹದಿನಾರು ವರ್ಷವಾಯಿತು, ಈ ಮನುಷ್ಯ ಒಂದು ದಿನವೂ ಒಳಗೆ ಕಾಲಿಟ್ಟವರಲ್ಲ. ಈಗ ಗರಜು ಬಿತ್ತು ನೋಡಿ, ಬಂದರು. ಅಕ್ಕನ ತೊಟ್ಟಿಯ ನೀರು ಸೋಸುವ ಡಬ್ಬಿ ಫಿಲ್ಟರನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದರು.

"ನೀರು ಸರಿಯಾಗಿ ಬರ್ತಿಲ್ಲ ಕಣಮ್ಮ, ನೂಲಿನ ಥರ ಬೀಳ್ತಿದೆ. ಗುಂಡ ಮೇಲಕ್ಕೆ ಬಂದು ಬಾಯಿ ಬಿಡ್ತಾನೆ. ದೊಡ್ಡ ಮೋಟಾರು ಹಾಕ್ಬೇಕಾ? ಒಳಗಿರೋದನ್ನೆಲ್ಲ ಬದಲಾಯಿಸ್ಬೇಕಾ? ಎಲ್ಲಾ ಅವಳೇ ನೋಡ್ಕೋತಿದ್ಲು, ನಂಗೆ ತಲೆಬುಡ ಗೊತ್ತಾಗಲ್ಲ."

ಗುಂಡ ಅಕ್ಕನ ಗೋಲ್ಡ್‌ಫಿಶ್. ಹನ್ನೊಂದು ವರ್ಷದ್ದು, ಅಂಗೈಗಿಂತ ದೊಡ್ಡದು. ಅಕ್ಕ ನೀರಿಗೆ ಕೈ ಇಳಿಸಿದರೆ ಎಲ್ಲಿದ್ದರೂ ಬಂದು ಬೆರಳು ಚೀಪುತ್ತಿತ್ತು. ಮಕ್ಕಳಿಲ್ಲದ ಆ ಮನೆಯಲ್ಲಿ ಅವಳು ಬಿಟ್ಟುಹೋದ ಜೀವವೆಂದರೆ ಅದೊಂದೇ.

ಡಬ್ಬಿಯ ಮುಚ್ಚಳ ತೆಗೆದೆ. ಮೇಲಿನ ಸ್ಪಂಜಿನಲ್ಲಿ ಕೆಸರು ಕಟ್ಟಿಕೊಂಡಿತ್ತು, ಅಷ್ಟೇ ಕಾಯಿಲೆ. ತೊಟ್ಟಿಯದೇ ನೀರನ್ನು ಬಕೆಟ್ಟಿಗೆ ತೆಗೆದು ಅದರಲ್ಲಿ ಸ್ಪಂಜನ್ನು ನಾಲ್ಕು ಸಲ ಹಿಂಡಿದ್ದರೆ ಹರಿವು ಮೊದಲಿನಂತಾಗುತ್ತಿತ್ತು. ಸ್ಪಂಜಿನ ಕೆಳಗೆ ಪಿಂಗಾಣಿ ಉಂಗುರಗಳು, ಎರಡು ಸೇರಿನಷ್ಟು, ಕಂದು ಲೋಳೆ ಹಿಡಿದು ಕೂತಿದ್ದವು. ನೋಡಿದವರು ಕೊಳೆ ಎನ್ನುತ್ತಾರೆ. ತೊಟ್ಟಿಯ ಪ್ರಾಣ ಇರುವುದೇ ಅದರಲ್ಲಿ. ಮೀನಿನ ಹೊಲಸು ನೀರಿನಲ್ಲಿ ವಿಷವಾಗುತ್ತದೆ, ಆ ವಿಷವನ್ನು ತಿಂದು ಬದುಕುವ ಕಣ್ಣಿಗೆ ಕಾಣದ ಜೀವಿಗಳು ಉಂಗುರದ ತೂತುಗಳಲ್ಲಿ ಮನೆ ಮಾಡಿರುತ್ತವೆ. ಹೊಸ ಉಂಗುರದಲ್ಲಿ ಅವು ನೆಲೆಯೂರಲು ಒಂದು ತಿಂಗಳಾದರೂ ಬೇಕು.

ಆ ಒಂದು ತಿಂಗಳು ನನಗೂ ಇರಲಿಲ್ಲ. ಹಲ್ಲಿನ ಡಾಕ್ಟರೊಬ್ಬರು ಸೋಮವಾರ ಹೊಸ ಕ್ಲಿನಿಕ್ಕು ತೆರೆಯುವವರಿದ್ದರು. ಅಲ್ಲಿನ ಆರಡಿ ತೊಟ್ಟಿಯಲ್ಲಿ ಅವತ್ತೇ ಮೀನು ಓಡಾಡಬೇಕು ಅಂದಾಗ ನಾನು ದೊಡ್ಡದಾಗಿ ಹೂಂ ಅಂದಿದ್ದೆ. ಹಾಗಾಗಬೇಕಾದರೆ ಹಳೆಯ ಉಂಗುರ ಬೇಕು. ಅಂಗಡಿಯ ತೊಟ್ಟಿಗಳಿಂದ ತೆಗೆದರೆ ನನ್ನ ಮೀನುಗಳೇ ಸಾಯುತ್ತವೆ.

ಅದೊಂದೇ ಕಾರಣ ಎಂದರೆ ಸುಳ್ಳಾದೀತು. ಅಕ್ಕ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಈ ಭಾವ ನನಗೆ ಫೋನು ಮಾಡಿದ್ದು ಹತ್ತೊಂಬತ್ತನೆಯ ದಿನ. "ಅಂಗಡಿ ಬಿಟ್ಟು ಓಡಿ ಬರ್ತಾಳೆ, ಹೇಳ್ಬೇಡಿ ಅಂತ ಅವಳೇ ಅಂದಿದ್ಲು" ಎಂದು ಆಮೇಲೆ ಸಮಜಾಯಿಷಿ ಬೇರೆ. ನಾನು ಹೋಗುವಷ್ಟರಲ್ಲಿ ಅವಳ ಮಂಚದ ಹಾಸಿಗೆ ಬದಲಾಯಿಸುತ್ತಿದ್ದರು. ಅವತ್ತು ಹೊಟ್ಟೆಯಲ್ಲಿ ಬಿದ್ದ ಬೆಂಕಿ ಆರಿರಲಿಲ್ಲ.

"ಭಾವ, ನೀವು ಗಡಿಯಾರ ರಿಪೇರಿ ಮಾಡೋರು. ಒಳಗೆ ಇಷ್ಟು ಕೊಳೆ ಇದ್ರೆ ಗಡಿಯಾರ ಓಡುತ್ತಾ?" ಎಂದೆ.

"ಎಲ್ಲಿ ಓಡುತ್ತೆ! ಒಂದು ಧೂಳಿನ ಕಣ ಸಾಕು ನಿಲ್ಲೋಕೆ," ಎಂದರು. "ನಾನೂ ಅದನ್ನೇ ಅಂದ್ಕೊಂಡೆ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಕಂದು ಉಂಗುರಗಳನ್ನೆಲ್ಲ ನನ್ನ ಬಕೆಟ್ಟಿಗೆ ಸುರಿದುಕೊಂಡು ಹಾಲಿನಂತೆ ಬೆಳ್ಳಗಿದ್ದ ಹೊಸವನ್ನು ಅವರ ಡಬ್ಬಿಗೆ ತುಂಬಿದೆ. ಸ್ಪಂಜೂ ಹೊಸದು ಕೊಟ್ಟೆ.

"ಹಳೇದು ಇಲ್ಲೇ ಇರ್ಲಿ, ಬಿಸಾಕ್ತೀನಿ. ನಮ್ಮವರ ಹತ್ರ ದುಡ್ಡು ಬೇಡ. ಈ ದೊಡ್ಡ ಮೋಟಾರು ತಗೊಂಡು ಹೋಗಿ, ಪೂರ್ತಿ ಜೋರಾಗೇ ಬಿಡಿ."

ಗುಂಡನಂಥ ದಪ್ಪ ಹೊಟ್ಟೆಯ ಮುದಿ ಮೀನಿಗೆ ನೀರು ಮೆಲ್ಲಗೆ ಸುಳಿಯಬೇಕು. ಜೋರು ಸೆಳೆತದಲ್ಲಿ ಈಜಿ ಈಜಿಯೇ ಸುಸ್ತಾಗುತ್ತದೆ. ಅದೂ ನನಗೆ ಗೊತ್ತಿತ್ತು.

ಭಾವ ಕಣ್ಣಲ್ಲಿ ನೀರು ತಂದುಕೊಂಡರು. "ನಿನ್ನನ್ನ ಇಷ್ಟು ದಿನ ತಪ್ಪು ತಿಳ್ಕೊಂಡಿದ್ದೆ," ಎಂದರು. ಅಯ್ಯೋ ಪಾಪ ಅನ್ನಿಸಲಿಲ್ಲ. ಸಂತೋಷವಾಯಿತು, ಯಾಕೆ ಮುಚ್ಚಿಡಲಿ.

ಅದು ಮಂಗಳವಾರ. ಶನಿವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದರು. ಬಕೆಟ್ಟಿನಲ್ಲಿ ಗುಂಡ ಮಗ್ಗುಲಾಗಿ ಬಿದ್ದಿತ್ತು. ಕಿವಿರು ಸುಟ್ಟ ಹಾಗೆ ಕೆಂಪಾಗಿತ್ತು.

"ಮೂರು ದಿನದಿಂದ ಏನೂ ತಿಂದಿಲ್ಲ. ಒಳ್ಳೇ ನೀರಲ್ಲಿ ಬಿಡಮ್ಮ, ಹೇಗಾದ್ರೂ ಉಳಿಸು."

ಅವರ ಮೊಣಕಾಲಿನ ಪಕ್ಕದಲ್ಲೇ ನೀಲಿ ಟಬ್ಬಿತ್ತು. ಅದರಲ್ಲಿ ಅಕ್ಕನ ಉಂಗುರಗಳ ಮೇಲೆ ನೀರು ಮೆಲ್ಲಗೆ ಹರಿಯುತ್ತಿತ್ತು. ಅಲ್ಲಿ ಬಿಟ್ಟಿದ್ದರೆ ಗುಂಡ ಉಳಿಯುವ ಸಂಭವವಿತ್ತು. ಆದರೆ ಬಿಟ್ಟರೆ ಭಾವ ಟಬ್ಬಿನೊಳಗೆ ಬಗ್ಗಿ ನೋಡುತ್ತಾರೆ. ಗಡಿಯಾರದ ಸಣ್ಣ ತಿರುಪನ್ನೂ ಮರೆಯದ ಕಣ್ಣು ಅದು. ಟಬ್ಬಿನ ಮೇಲೆ ಗೋಣಿಚೀಲ ಎಳೆದೆ.

"ಇಲ್ಲಿ ಜಾಗ ಇಲ್ಲ ಭಾವ. ಕಾಯಿಲೆ ಮೀನು ಬಿಟ್ರೆ ನನ್ನವೆಲ್ಲ ಸಾಯ್ತವೆ."

"ನಾನೇನು ತಪ್ಪು ಮಾಡ್ದೆ? ನೀನು ಹೇಳಿದ ಹಾಗೇ ಮಾಡಿದ್ನಲ್ಲ!"

"ಮಾಡಿದ್ರೆ ಹೀಗ್ಯಾಕೆ ಆಗ್ತಿತ್ತು? ನಿಮ್ಮ ಕೈಗೆ ಕೊಟ್ಟಿದ್ದು ಯಾವುದು ಉಳಿದಿದೆ ಹೇಳಿ. ಅಕ್ಕ ಉಳಿದಳಾ?"

ಅವರು ಬಕೆಟ್ಟನ್ನು ನೆಲಕ್ಕಿಟ್ಟು ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡರು.

"ಸರಿ ಹೇಳ್ದೆ," ಎಂದರು. "ಅವಳು ಕೊನೇಲಿ ಹೇಳಿದ್ದೂ ಅದೇ. ಗುಂಡನ್ನ ತಂಗಿಗೆ ಕೊಟ್ಬಿಡಿ, ನಿಮ್ಮ ಕೈಲಾಗಲ್ಲ, ಅವಳಾದ್ರೆ ನನ್ನ ಹಾಗೇ ನೋಡ್ಕೋತಾಳೆ ಅಂದಿದ್ಲು. ನಾನೇ ಕೊಡ್ಲಿಲ್ಲ. ಬಾಗಿಲು ತೆಗೆದ್ರೆ ಮನೇಲಿ ಏನೋ ಒಂದು ಅಲ್ಲಾಡ್ತಿರ್ಲಿ ಅಂತ ಆಸೆ. ಇವತ್ತಾದ್ರೂ ತಗೋ. ಇದು ನಿಂದೇ."

ಅಷ್ಟು ಹೇಳಿ ಬಕೆಟ್ಟು ಬಿಟ್ಟು ಹೋದರು. ಅವರು ಬೀದಿ ದಾಟುವುದಕ್ಕೂ ಕಾಯದೆ ಗೋಣಿ ಕಿತ್ತೆಸೆದೆ. ಗುಂಡನನ್ನು ಎರಡೂ ಕೈಯಲ್ಲಿ ಎತ್ತಿ ಟಬ್ಬಿನಲ್ಲಿ ಬಿಟ್ಟು ಹೊಟ್ಟೆಗೆ ಬೆರಳು ಆನಿಸಿ ನೆಟ್ಟಗೆ ಹಿಡಿದುಕೊಂಡೆ. ಗಿರಾಕಿಗಳು ಬಂದರು, ಕೂಗಿದರು, ಹೋದರು. ಬೆರಳನ್ನು ಅದರ ಬಾಯಿಗೆ ಹಿಡಿದೆ. ಚೀಪಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಿವಿರು ಆಡುವುದು ನಿಂತಿತು.

ಸಂಜೆ ಭಾವನ ಫೋನು ಬಂತು.

"ಹೇಗಿದ್ದಾನೆ?"

"ಹೋಯ್ತು ಭಾವ."

ಫೋನಿನಲ್ಲಿ ಅವರ ಅಂಗಡಿಯ ಗಡಿಯಾರಗಳ ಟಿಕಟಿಕ ಕೇಳುತ್ತಿತ್ತು.

"ನಿಜ ಹೇಳು, ನಾನೇ ಕೊಂದೆ ಅಲ್ವಾ?"

ಇದ್ದದ್ದು ಇದ್ದ ಹಾಗೆ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ಹೌದು ಭಾವ," ಎಂದೆ.