ಕಿವಿಯಲ್ಲಿ ಹೇಳಿದ ಹೆಸರು

ಚಂದ್ರಾಮನ ಕೈ ಮಗಳ ಕೆನ್ನೆಗೆ ಬಿದ್ದಾಗ ಪದ್ಮಾವತಿ ಹೊಸ್ತಿಲ ಬಳಿ ಕುಳಿತು ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ಸಪ್ಪಳಕ್ಕೆ ಅವಳ ಕೈ ನಿಂತಿತು. ಹುಡುಗಿಗೆ ಹನ್ನೊಂದು ತುಂಬಿದರೂ ತಮ್ಮ ಇದುವರೆಗೆ ಅವಳಿಗೆ ಬೆರಳು ತಾಗಿಸಿದವನಲ್ಲ. ಮುಂಬೈ ಪಕ್ಕದ ಕಲ್ಯಾಣದ ಮಾರ್ಕೆಟ್ಟಿನಲ್ಲಿ ನಸುಕಿನಿಂದ ಉಳ್ಳಾಗಡ್ಡಿ ಚೀಲ ಹೊತ್ತು ಬಂದ ದಿನವೂ ಮಗಳ ಮುಂದೆ ಅವನ ದನಿ ಮೆತ್ತಗಾಗುತ್ತಿತ್ತು.

"ಇನ್ನೊಮ್ಮಿ ಹೆಸರು ಬದಲಿ ಮಾಡು ಅಂದ್ರ ನೋಡು! ಅದು ನಮ್ಮವ್ವನ ಕಡೀ ಮಾತು. ಸಾಯೋ ಮುಂದ ನಿನಗಂತ ಇಟ್ಟುಹೋದ ಹೆಸರದು."

ಅಶ್ಮಿತಾ ಅಳಲಿಲ್ಲ. ಕೆನ್ನೆ ಹಿಡಿದುಕೊಂಡು ಅತ್ತೆಯ ಕಡೆ ತಿರುಗಿದಳು. "ಆತ್ಯಾ, ನೀನೇ ಹೇಳ್ ನಾ ಪಪ್ಪಾಗ. ಕ್ಲಾಸಿನ್ಯಾಗ ಚಾರ್ ಅಶ್ಮಿತಾ ಇದ್ದೀವಿ. ಬೆಳ್ಳಗಿದ್ದಾಕಿ ಗೋರಿ ಅಶ್ಮಿತಾ, ಒಬ್ಬಾಕಿ ಚಶ್ಮಾ ಅಶ್ಮಿತಾ, ಉದ್ದಕಿದ್ದಾಕಿ ಲಂಬೂ ಅಶ್ಮಿತಾ. ನಾ ಕಾಳೀ ಅಶ್ಮಿತಾ. ಟೀಚರ್ ಭೀ ಹಂಗೇ ಕರೀತಾಳ."

"ಕರೀಲಿ. ನಮ್ಮವ್ವನೂ ಕರ್ರಗೇ ಇದ್ಳು" ಎಂದ ಚಂದ್ರಾಮ. ಟವೆಲು ಹೆಗಲಿಗೆ ಹಾಕಿ, ಬಕೆಟ್ ಎತ್ತಿಕೊಂಡು ಚಾಳಿನ ಸಾಲುಮನೆಗಳ ಕೊನೆಯ ನಲ್ಲಿಗೆ ಹೊರಟುಹೋದ. ಹೊಡೆದ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತ ಹೋಗುತ್ತಿದ್ದುದು ಪದ್ಮಾವತಿಗೆ ಕಂಡಿತು.

ಆ ನಾಲ್ಕೂ ಹುಡುಗಿಯರು ಹುಟ್ಟಿದ್ದು ಒಂದೇ ಧಾರಾವಾಹಿಯ ಕಾಲದಲ್ಲಿ. ಆಗ ಡೊಂಬಿವಲಿಯಲ್ಲಿ ಸಂಜೆ ಕರೆಂಟು ಹೋದರೆ ಜನ ಫ್ಯಾನು ನಿಂತಿತೆಂದು ಬೈಯುತ್ತಿರಲಿಲ್ಲ, ಟಿವಿಯ ಅಶ್ಮಿತಾ ತಪ್ಪಿಹೋದಳೆಂದು ಬೈಯುತ್ತಿದ್ದರು. ಮಲಗೆದ್ದರೂ ನೆರಿಗೆ ಕದಲದ ಸೀರೆಯುಟ್ಟು, ದೊಡ್ಡ ಮನೆಯ ಮೆಟ್ಟಿಲ ಮೇಲೆ ನಿಂತು ಅವಳು ಅತ್ತೆಗೂ ಗಂಡನಿಗೂ ಎದುರುತ್ತರ ಕೊಡುತ್ತಿದ್ದಳು. ಗಂಡನ ಮನೆಯಲ್ಲಿ ತುಟಿ ಪಿಟಕ್ಕೆನ್ನದೆ ಏಟು ತಿಂದು, ಕೊನೆಗೆ ಚಾಳಿನ ತಮ್ಮನ ಮನೆಗೆ ಬಂದು, ಎಂಐಡಿಸಿಯ ಕಾರ್ಖಾನೆಯಲ್ಲಿ ಔಷಧಿ ಬಾಟಲಿ ಪ್ಯಾಕ್ ಮಾಡುತ್ತಿದ್ದ ಪದ್ಮಾವತಿಗೆ ಆ ಮೆಟ್ಟಿಲ ಹುಚ್ಚು ಹಿಡಿದಿತ್ತು. ತಾಯಿ ಮರಗಮ್ಮನಿಗೆ ಹಿಂದಿಯ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಆದರೂ ಮಗಳ ಪಕ್ಕ ಕುಳಿತು, "ಆ ಹುಡುಗಿ ಇವತ್ತರ ಉಂಡಳೇನ?" ಎಂದು ಕೇಳುತ್ತಿದ್ದಳು.

ಆ ಮಳೆಗಾಲದಲ್ಲೇ ಮರಗಮ್ಮ ಹಾಸಿಗೆ ಹಿಡಿದಳು. ಚಂದ್ರಾಮ ಉಳ್ಳಾಗಡ್ಡಿ ಲಾರಿಯ ಜೊತೆ ನಾಸಿಕಕ್ಕೆ ಹೋಗಿದ್ದ. ಮುದುಕಿ ಪದ್ಮಾವತಿಯ ಮಣಿಕಟ್ಟು ಹಿಡಿದುಕೊಂಡಳು. "ಸೊಸಿ ಶ್ರೀಮತಿ ಬಸರದಾಳ. ಹೆಣ್ಣಾದ್ರ ನನ್ನ ಹೆಸರು ಕರಿ, ಪದ್ದಿ. ನನ್ನ ಮಗ ಅವ್ವಾ ಅನ್ನೋದು ನಿಲ್ಲಬಾರದು." ಕರೀತೀನಿ ಎಂದು ಪದ್ಮಾವತಿ ಮಾತು ಕೊಟ್ಟಳು. ತಮ್ಮ ಬಂದಾಗ ತಾಯಿಯ ಕಣ್ಣು ಮುಚ್ಚಿ ಆಗಿತ್ತು.

ಊರ ಕಡೆ ಅಜ್ಜ, ಅಜ್ಜಿಯರ ಹೆಸರಿಟ್ಟ ಮಕ್ಕಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ತಾಯಿಯ ಹೆಸರು ಹೊತ್ತ ಮಗಳನ್ನು ತಂದೆ ಅವ್ವಾ ಎಂದೇ ಕರೆಯುತ್ತಾನೆ. ಆ ಹೆಸರನ್ನು ಕೂಸಿನ ಕಿವಿಯಲ್ಲಿ ಮೊದಲು ಉಸುರುವವಳು ಸೋದರತ್ತೆ. ಅವಳು ಬಗ್ಗಿ ಉಸುರುವಾಗ ಸುತ್ತಲಿನ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಅತ್ತೆಯ ಬಾಯಿಂದ ಒಮ್ಮೆ ಬಂದ ಹೆಸರು ಬಂದ ಹಾಗೆಯೇ.

ತೊಟ್ಟಿಲ ಶಾಸ್ತ್ರದ ಹಿಂದಿನ ದಿನ ಪ್ಯಾಕಿಂಗ್ ಟೇಬಲ್ಲಿನ ಹೆಂಗಸರು ಹೆಸರು ಕೇಳಿದ್ದರು. ಮರಗಮ್ಮ ಎಂದದ್ದಕ್ಕೆ ಬಾಟಲಿ ಕೆಳಗಿಟ್ಟು ನಕ್ಕಿದ್ದರು. ಮರುದಿನ ಅದೇ ಹೆಂಗಸರು ಹೊಸ ಸೀರೆಯುಟ್ಟು ತೊಟ್ಟಿಲ ಸುತ್ತ ನಿಂತಿದ್ದಾಗ, ಬಗ್ಗಿದ ಪದ್ಮಾವತಿಗೆ ತಾಯಿಯ ಹೆಸರು ಹೇಳಲು ನಾಚಿಕೆಯಾಯಿತು. ಹೌದು, ಹೆತ್ತ ತಾಯಿಯ ಹೆಸರಿಗೆ ನಾಚಿಕೆ! ಕುರ್ ಎಂದು ಕೂಸಿನ ಕಿವಿಯಲ್ಲಿ ಊದಿದವಳು, ಅಶ್ಮಿತಾ ಎಂದುಬಿಟ್ಟಳು. ಹೆಂಗಸರು ಹೋ ಎಂದು ಬೆನ್ನಿಗೆ ಗುದ್ದಿದರು.

ಗದ್ದಲ ಕರಗಿದ ಮೇಲೆ ಚಂದ್ರಾಮ ಹತ್ತಿರ ಬಂದು, "ಅಕ್ಕಾ, ಅವ್ವಂದು ಕರೀತಿ ಅಂತ ಮಾಡಿದ್ನಲ್ಲ?" ಎಂದ.

"ಅವ್ವನೇ ಹೇಳ್ಯಾಳಪ. ಸಾಯೋ ಮುಂದ. ಟಿವಿಯಾಗಿನ ಆ ಹುಡುಗೀದೇ ಇಡು ಅಂದ್ಳು."

ಅಷ್ಟು ಸಲೀಸಾಗಿ ಬಂದ ಸುಳ್ಳು ಮುಂದೆ ಗಂಟಲಿಗೆ ಸಿಕ್ಕ ಮುಳ್ಳಾಯಿತು. ಕಡೆಗಾಲದಲ್ಲಿ ತಾಯಿ ತನ್ನ ಕೂಸನ್ನು ನೆನೆದಳಲ್ಲ ಎಂದು ಚಂದ್ರಾಮ ಅವತ್ತು ಎಲ್ಲರೆದುರು ಅತ್ತುಬಿಟ್ಟ. ಧಾರಾವಾಹಿ ಮುಗಿಯಿತು. ಟಿವಿಗೆ ಬೇರೆ ಮೆಟ್ಟಿಲು, ಬೇರೆ ಸೀರೆಗಳು ಬಂದವು. ಅವನು ಮಾತ್ರ ಇವತ್ತಿಗೂ ಮಾರ್ಕೆಟ್ಟಿನಲ್ಲಿ ಸಿಕ್ಕವರಿಗೆಲ್ಲ, ನಮ್ಮವ್ವ ಇಟ್ಟ ಹೆಸರು ಎಂದು ಹೇಳುತ್ತಾನೆ. ಅದನ್ನು ಕೇಳಿದಾಗೆಲ್ಲ ಪದ್ಮಾವತಿಗೆ ಊಟ ಸೇರುವುದಿಲ್ಲ. ಅವನು ಮಗಳನ್ನು ಒಮ್ಮೆಯೂ ಅವ್ವಾ ಎಂದು ಕರೆಯಲಿಲ್ಲ. ಆ ಮಾತನ್ನು ಅವನ ಬಾಯಿಂದ ಕಸಿದವಳು ತಾನು. ಇವತ್ತಿನ ಏಟೂ ತನಗೆ ಬೀಳಬೇಕಾಗಿದ್ದು, ಹುಡುಗಿಗೆ ಬಿತ್ತು.

"ಇಲ್ಲಿ ಬಾ. ಕಿವಿ ಕೊಡು" ಎಂದಳು.

ಹುಡುಗಿ ಮುಖ ಊದಿಸಿಕೊಂಡೇ ಬಂದು ಕುಳಿತಳು. ಪದ್ಮಾವತಿ ಅವಳ ಕೂದಲು ಸರಿಸಿ, ಕಿವಿಯಲ್ಲಿ ಕುರ್ ಎಂದು ಊದಿ ಹೆಸರು ಹೇಳಿದಳು.

"ಮರಗಮ್ಮ? ಅದು ಅಜ್ಜೀದಲ್ಲ?"

"ನಿಂದು. ಅಜ್ಜಿ ನಿನಗಂತ ಹೇಳಿದ್ದು ಇದೇ. ನಾ ನಿಮ್ಮಪ್ಪಗ ಸುಳ್ಳ ಹೇಳಿದ್ದೆ."

ಸುಳ್ಳಿನ ಕಡೆ ಹುಡುಗಿಯ ಗಮನವೇ ಹೋಗಲಿಲ್ಲ. ಅವಳು ಮನಸ್ಸಿನಲ್ಲೇ ಇಡೀ ತರಗತಿಯ ಹಾಜರಿ ಕೂಗಿ ಮುಗಿಸಿದಂತಿತ್ತು. "ಆತ್ಯಾ, ಈ ಹೆಸರು ನಮ್ಮ ಶಾಳೆದಾಗ ಯಾರಿಗೂ ಇಲ್ಲ!"

"ಹೂಂ. ಈಗ ನನ್ನ ಬೆನ್ನಿಗಿ ಹೊಡಿ."

"ಯಾಕ?"

"ಹೆಸರು ಕರದ ಅತ್ತಿಗಿ ಹೊಡೀಬೇಕು. ಶಾಸ್ತ್ರ ಅದು."

ಅಶ್ಮಿತಾ ನಗುತ್ತ ಎದ್ದು, ಬಗ್ಗಿದ ಬೆನ್ನಿಗೆ ಮೆಲ್ಲಗೆ ಗುದ್ದಿದಳು. "ಜೋರಿಂದ" ಎಂದಳು ಪದ್ಮಾವತಿ. ಹುಡುಗಿ ಎರಡೂ ಕೈಯಿಂದ ಗುದ್ದತೊಡಗಿದಳು. "ಇನ್ನಾ ಜೋರಿಂದ!" ಕಣ್ಣೀರು ಸೊಪ್ಪಿನ ಮೇಲೆ ಬೀಳುತ್ತಿತ್ತು. ಹಿಂದೆ ನಿಂತ ಹುಡುಗಿಗೆ ಅದು ಕಾಣುವಂತಿರಲಿಲ್ಲ.

ಗುದ್ದು ಥಟ್ಟನೆ ನಿಂತಿತು. ಹೊಸ್ತಿಲಾಚೆ ಚಂದ್ರಾಮನ ಒದ್ದೆ ಕಾಲುಗಳು ಕಂಡವು.

"ಏನ್ ನಡಸೀರಿ ಇಲ್ಲಿ?"

"ಆತ್ಯಾ ನನ್ನ ಹೆಸರು ಕರದಳು, ಪಪ್ಪಾ. ಮರಗಮ್ಮ. ಅಜ್ಜಿ ಇಟ್ಟಿದ್ದು ಇದೇ ಅಂತ."

ಚಂದ್ರಾಮನ ಕೈಯಲ್ಲಿದ್ದ ಬಕೆಟ್ಟಿನ ನೀರು ತುಳುಕಿ ಹೊಸ್ತಿಲು ದಾಟಿ ಬಂದು ಮೆಂತ್ಯದ ಎಲೆಗಳನ್ನು ನೆನೆಸಿತು. ಪದ್ಮಾವತಿ ತಲೆ ಎತ್ತಲಿಲ್ಲ. ನೀರಿನಲ್ಲಿ ಎರಡೂ ಅಂಗೈ ಊರಿ, ಬೆನ್ನನ್ನು ಹಾಗೆಯೇ ಬಗ್ಗಿಸಿಟ್ಟುಕೊಂಡು ಕಾದಳು.